ಪ್ಲಾಸ್ಟಿಕ್ ಪಿಸ್ತೂಲನ್ನು ನಂಬಬಹುದಾ?

ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ನಿವೃತ್ತ ಸೇನಾ ಆರ್ಮರರ್ (ಆಯುಧ ರಿಪೇರಿ ಮಾಡುವವರು) ಉತ್ತರ

ಪ್ರಶ್ನೆ: ಹೊಳಲ್ಕೆರೆ ಹತ್ತಿರ ನಮ್ಮದು ಅಡಿಕೆ ತೋಟ. .32 ರಿವಾಲ್ವರ್ ಇದೆ, ಲೈಸೆನ್ಸೂ ಇದೆ. ಅದನ್ನು ಕೊಟ್ಟು ಪಾಲಿಮರ್ ಚೌಕಟ್ಟಿನ ಹೊಸ ಸ್ಟ್ರೈಕರ್ ಪಿಸ್ತೂಲ್ ತಗೊಳ್ಳೋಣ ಅಂತ ಮಗ ಹಟ ಹಿಡಿದಿದ್ದಾನೆ. ಪ್ಲಾಸ್ಟಿಕ್ ಬಾಳಿಕೆ ಬರುತ್ತಾ?

ಉತ್ತರ: ಪ್ಲಾಸ್ಟಿಕ್ ಬಗ್ಗೆ ಚಿಂತೆ ಬಿಡಿ. ಯೋಚನೆ ಮಾಡಬೇಕಾದದ್ದು ಟ್ರಿಗರ್ ಬಗ್ಗೆ.

ಪಾಲಿಮರ್ ಇರುವುದು ಹಿಡಿ ಮತ್ತು ಚೌಕಟ್ಟಿನಲ್ಲಿ. ಗುಂಡು ಹಾಯುವ ಬ್ಯಾರಲ್, ಅದರ ಮೇಲೆ ಹಿಂದೆ-ಮುಂದೆ ಸರಿಯುವ ಸ್ಲೈಡ್ ಎರಡೂ ಉಕ್ಕಿನವೇ. ಇಂಥದೇ ಪಾಲಿಮರ್ ಸ್ಟ್ರೈಕರ್ ಪಿಸ್ತೂಲಾದ ಗ್ಲಾಕ್ 17 ಅನ್ನು ಆಸ್ಟ್ರಿಯಾದ ಸೇನೆ ಆರಿಸಿಕೊಂಡು ನಲವತ್ತು ವರ್ಷ ದಾಟಿತು. ಚಿತ್ರದುರ್ಗದ ಏಪ್ರಿಲ್ ಬಿಸಿಲು ಅದಕ್ಕೆ ಲೆಕ್ಕಕ್ಕಿಲ್ಲ. ನನ್ನ ಬೆಂಚಿಗೆ ದಿನಾ ಬರುತ್ತಿದ್ದದ್ದು ಇಶಾಪುರ ಕಾರ್ಖಾನೆಯ ಸೇನಾ ಪಿಸ್ತೂಲ್ 9 ಎಂಎಂ 1ಎ. ಪೂರ್ತಿ ಉಕ್ಕು, ಒಂದು ಕಿಲೋ ಹತ್ತಿರ ತೂಕ. ಖಾಲಿ ಗ್ಲಾಕ್ 17 ಸುಮಾರು 630 ಗ್ರಾಂ ಅಷ್ಟೆ. ಬೆವರು ಕೂತ ಕಡೆ 1ಎಗೆ ತುಕ್ಕು ಬರುತ್ತಿತ್ತು. ಎಣ್ಣೆಬಟ್ಟೆಯಲ್ಲಿ ಉಜ್ಜಿದರೆ ಬಟ್ಟೆ ಕಾಚಿನ ಬಣ್ಣಕ್ಕೆ ತಿರುಗುತ್ತಿತ್ತು. ಪಾಲಿಮರ್‌ಗೆ ಆ ಕಾಟ ಇಲ್ಲ.

ಇನ್ನು ಟ್ರಿಗರ್. ನಿಮ್ಮ ರಿವಾಲ್ವರ್‌ಗೆ ಹಿಂದೆ ಹ್ಯಾಮರ್, ಅಂದರೆ ಗುಂಡು ಸಿಡಿಸಲು ಬಡಿಯುವ ಸುತ್ತಿಗೆ ಇದೆ ಅಲ್ವಾ? ಕತ್ತಲಲ್ಲೂ ಹೆಬ್ಬೆರಳಿಂದ ಸವರಿದರೆ ಎದ್ದಿದೆಯೋ ಕೂತಿದೆಯೋ ಗೊತ್ತಾಗುತ್ತದೆ. ಹ್ಯಾಮರ್ ಏರಿಸದೆ ಹೊಡೆಯಬೇಕಾದರೆ ಟ್ರಿಗರನ್ನು ಉದ್ದಕ್ಕೆ, ಬಲವಾಗಿ ಎಳೆಯಬೇಕು. ಸ್ಟ್ರೈಕರ್ ಪಿಸ್ತೂಲಿನಲ್ಲಿ ಹ್ಯಾಮರ್ ಬದಲು ಸ್ಪ್ರಿಂಗ್ ಹಾಕಿದ ಪಿನ್ (ಅದೇ ಸ್ಟ್ರೈಕರ್) ಸ್ಲೈಡಿನ ಒಳಗೇ ಅಡಗಿರುತ್ತದೆ. ಟ್ರಿಗರ್ ಎಳೆತವೂ ಗಿಡ್ಡ, ಹಗುರ. ಸಾಮಾನ್ಯ ಗ್ಲಾಕ್‌ಗೆ ಬದಿಯಲ್ಲಿ ಸೇಫ್ಟಿ ಗುಂಡಿಯೂ ಇಲ್ಲ. ಕೆಳಗೆ ಬಿದ್ದರೆ ಸಿಡಿಯದಂತೆ ಒಳಗೆ ತಡೆಗಳಿವೆ, ನಿಜ. ಆದರೆ ಬೆರಳೋ ಅಂಗಿಯ ಅಂಚೋ ಟ್ರಿಗರನ್ನು ಪೂರ್ತಿ ಎಳೆದರೆ ಆ ತಡೆಗಳೆಲ್ಲ ದಾರಿ ಬಿಡುತ್ತವೆ.

ನನ್ನ ಕಣ್ಣೆದುರು ನಡೆದದ್ದು ಹೇಳುತ್ತೇನೆ. ಗ್ಲಾಕ್ ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು. 1ಎಯಲ್ಲೇ ಪಳಗಿದ ಹುಡುಗನೊಬ್ಬ ಮೊದಲು ಸ್ಲೈಡ್ ಎಳೆದ, ಆಮೇಲೆ ಗುಂಡು ತುಂಬಿದ ಮ್ಯಾಗಜೀನ್ ತೆಗೆದ. ಸ್ಲೈಡ್ ಎಳೆದಾಗ ಮ್ಯಾಗಜೀನಿನಿಂದ ಇನ್ನೊಂದು ಗುಂಡು ಚೇಂಬರ್ (ಬ್ಯಾರಲಿನ ಹಿಂದೆ ಗುಂಡು ಕೂರುವ ಜಾಗ) ಸೇರಿದ್ದು ಅವನಿಗೆ ಹೊಳೆಯಲೇ ಇಲ್ಲ. ಮ್ಯಾಗಜೀನ್ ಇಲ್ಲದಿದ್ದರೆ 1ಎ ಸಿಡಿಯುವುದಿಲ್ಲ, ಅವನ ಕೈಗೆ ಅದೇ ಅಭ್ಯಾಸ. ಗ್ಲಾಕ್ ಸಿಡಿಯುತ್ತದೆ. ಗುಂಡು ಮರಳಿನ ಪೆಟ್ಟಿಗೆಗೆ ಹೋಯಿತು. ಹುಡುಗನ ಕೈ ಆ ಸಂಜೆಯವರೆಗೂ ನಡುಗುತ್ತಿತ್ತು.

ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಮಾತ್ರ ಬೀರುವಿನಿಂದ ತೆಗೆಯುವವರಾದರೆ ರಿವಾಲ್ವರನ್ನೇ ಇಟ್ಟುಕೊಳ್ಳಿ. ಲೈಸೆನ್ಸ್ ನಿಮ್ಮ ಹೆಸರಲ್ಲಿದ್ದರೆ ಅಭ್ಯಾಸ ಮಾಡಬೇಕಾದವರೂ ನೀವೇ, ಮಗ ಅಲ್ಲ. ರೇಂಜಿಗೆ ಹೋಗಿ ಕೈ ಪಳಗಿಸುತ್ತೀರಿ ಅಂದರೆ ಹೊಸದು ತಗೊಳ್ಳಿ, ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಜೊತೆಗೆ. ಸುಮ್ನೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಬೇಡವೇ ಬೇಡ. 9 ಎಂಎಂ ನಮ್ಮಂಥ ಸಾಮಾನ್ಯರಿಗೆ ನಿಷಿದ್ಧ, .32ರಲ್ಲೇ ನೋಡಿ. ಬದಲಾಯಿಸುವ ಮುಂಚೆ ಡಿಸಿ ಕಚೇರಿಯ ಲೈಸೆನ್ಸ್ ವಿಭಾಗದಲ್ಲಿ ವಿಚಾರಿಸಿ. ಯಾವುದೇ ಪಿಸ್ತೂಲಾದರೂ ಖಾಲಿ ಮಾಡುವಾಗ ಮೊದಲು ಮ್ಯಾಗಜೀನ್, ಆಮೇಲೆ ಸ್ಲೈಡ್. ಚೇಂಬರನ್ನು ಕಣ್ಣಲ್ಲಿ ನೋಡಿ, ಕಿರುಬೆರಳಲ್ಲಿ ಮುಟ್ಟಿ.

ಪ್ರಶ್ನೆ: ಇಂಥ ಪಿಸ್ತೂಲ್ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಾಣುವುದಿಲ್ಲವಂತೆ, ಹೌದಾ? (ಹಿರಿಯೂರಿನ ವಿದ್ಯಾರ್ಥಿ)

ಉತ್ತರ: ಸುಳ್ಳು. ತೂಕದಲ್ಲಿ ಜಾಸ್ತಿ ಪಾಲು ಉಕ್ಕೇ. ಗುಂಡುಗಳೂ ಲೋಹದವೇ. ಎಕ್ಸ್‌ರೇಯಲ್ಲಿ ಪಿಸ್ತೂಲಿನ ಆಕಾರವೇ ಎದ್ದು ಕಾಣುತ್ತದೆ.