ಸಾಮಾಯಿಕಕ್ಕೆ ಕೂತಾಗ ಬಂದದ್ದನ್ನು ಬರೆಯಿರಿ

ನಮಸ್ಕಾರ.

ನಿತ್ಯ ಸಾಮಾಯಿಕದಿಂದ, ಅಂದರೆ ನಾವು ಜೈನರು ಸಮಭಾವಕ್ಕಾಗಿ ಕೂರುವ ಧ್ಯಾನದಿಂದ, ಆತ್ಮವು ಮೋಹ ಕಳೆದುಕೊಳ್ಳುವ ಬಗೆಯನ್ನು ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ಶುದ್ಧವಾಗಿದೆ, ಶ್ರದ್ಧೆ ಇದೆ. ಆದರೆ ಈಗ ಇರುವ ಹಾಗೆ ಪ್ರಕಟಿಸಲಾರೆ.

ಮೊದಲು, ನನಗೆ ಸಿಟ್ಟು ತರಿಸಿದ ಸಾಲು: "ಹೆಂಡತಿ ಮಕ್ಕಳೆಂಬ ಸಂಕೋಲೆಯನ್ನು ಕಿತ್ತೆಸೆದವನೇ ಧನ್ಯ." ನೀವು ಬರೆಯುತ್ತಿರುವುದು ಮುನಿಗಳಿಗಲ್ಲ, ಸಂಸಾರದಲ್ಲಿರುವ ಶ್ರಾವಕರಿಗೆ. ಅವರು ಒಂದು ಮುಹೂರ್ತ, ಅಂದರೆ 48 ನಿಮಿಷ, ಕೂತು ಎದ್ದು ಮತ್ತೆ ಅದೇ ಮನೆಯವರ ಜೊತೆ ಬಾಳಬೇಕು. ಓದುವವರಲ್ಲಿ ಆ ಹೆಂಡತಿಯೂ ಇರುತ್ತಾಳೆ. ಅವಳೂ ಸಾಮಾಯಿಕಕ್ಕೆ ಕೂರುವವಳೇ.

ಅದರ ಮುಂದಿನ ಸಾಲು: "ಬಂಧುಗಳೇ ಆತ್ಮದ ಶತ್ರುಗಳು." ನಾವು ಕೂರುವುದು ಸಮಭಾವಕ್ಕಾಗಿ. ರಾಗ ಕಟ್ಟಿಹಾಕುವಂತೆ ದ್ವೇಷವೂ ಕಟ್ಟಿಹಾಕುತ್ತದೆ. ಮನೆಯವರನ್ನು ಹೀಗೆ ಹಳಿದರೆ ಒಂದು ಗಂಟು ಬಿಚ್ಚಿ ಇನ್ನೊಂದನ್ನು ಬಿಗಿದಂತಾಯಿತು, ಅಲ್ವಾ? ನಮ್ಮ ತತ್ತ್ವಾರ್ಥಸೂತ್ರ ಗ್ರಂಥದ ಏಳನೇ ಅಧ್ಯಾಯ ಮೂರ್ಛೆಯೇ ಪರಿಗ್ರಹ ಎನ್ನುತ್ತದೆ, ಅಂದರೆ ‘ನನ್ನದು’ ಎಂಬ ಮೋಹವೇ ಕೂಡಿಟ್ಟುಕೊಳ್ಳುವಿಕೆ. ತೊಡಕಿರುವುದು ಆ ಜನರಲ್ಲಿ ಅಲ್ಲ, ‘ನನ್ನವರು’ ಎಂದು ಮೈಮರೆಯುವ ನಮ್ಮಲ್ಲಿ. ಅನ್ಯತ್ವ ಭಾವನೆ ಮಾಡುವಾಗ ‘ನಾನು ಬೇರೆ, ಅವರು ಬೇರೆ’ ಎಂದು ನೆನೆಯುತ್ತೇವೆ. ಅದರಲ್ಲಿ ಯಾರ ಮೇಲೂ ಅಸಹ್ಯವಿಲ್ಲ.

ಇನ್ನು ಮೂರನೇ ಪುಟ. "ಕೂತೊಡನೆ ಮನಸ್ಸು ತಾನಾಗಿಯೇ ನಿರ್ಮಲವಾಗುತ್ತದೆ" ಎಂದಿದ್ದೀರಿ. ಯಾರ ಮನಸ್ಸು? ಸಾಮಾಯಿಕಕ್ಕೆ ಹಿಂದಿನವರು ಐದು ಅತಿಚಾರಗಳನ್ನು, ಅಂದರೆ ವ್ರತದಲ್ಲಿ ಆಗುವ ತಪ್ಪುಗಳನ್ನು, ಹೇಳಿದ್ದಾರೆ. ಮನಸ್ಸು, ಮಾತು, ಮೈ ಇವು ದಾರಿ ತಪ್ಪುವುದು ಮೂರು. ಅನಾದರ ಮತ್ತು ಮರೆವು ಉಳಿದೆರಡು. ಕೂತವರ ಮನಸ್ಸು ಓಡುತ್ತದೆ ಎಂದು ಗೊತ್ತಿದ್ದೇ ಇದನ್ನು ಪಟ್ಟಿ ಮಾಡಿದ್ದಾರೆ. ನೀವು ಅದನ್ನು ಮುಚ್ಚಿಟ್ಟರೆ, ಮನಸ್ಸು ನಿಲ್ಲದ ಓದುಗ ‘ಇದು ನನ್ನಂಥವನಿಗಲ್ಲ’ ಎಂದು ಎದ್ದುಬಿಡುತ್ತಾನೆ.

ಅದೇ ಪುಟದ ಕೊನೆಗೆ ಒಂದು ಸಾಲಿದೆ: "ಕಣ್ಣು ಮುಚ್ಚಿದರೆ ತಮ್ಮನ ಜೊತೆಗಿನ ಆಸ್ತಿ ಜಗಳವೇ ಎದುರಿಗೆ ಬರುತ್ತದೆ." ಇದನ್ನು ಓದಿ ನಾನು ಮುಂದೆ ಹೋಗಲಾರದೆ ನಿಂತೆ. ನಿಮ್ಮ ಲೇಖನ ಶುರುವಾಗಬೇಕಾದದ್ದೇ ಇಲ್ಲಿ. ಆದರೆ ಮರುಸಾಲಿನಲ್ಲೇ "ಸಾಧಕನು ಇಂಥ ವಿಚಾರಗಳನ್ನು ಜಯಿಸಬೇಕು" ಎಂದು ದಾಟಿಬಿಟ್ಟಿರಿ. ಹೇಗೆ ಜಯಿಸಬೇಕು?

ನಾನು ಪತ್ರಿಕೆಗೆ ಸೇರಿದ ಹೊಸದರಲ್ಲಿ, ಬಂದ ಲೇಖನಗಳನ್ನು ಹಿರಿಯ ಸಂಪಾದಕರಿಗೆ ಓದಿ ಹೇಳುವುದು ನನ್ನ ಕೆಲಸವಾಗಿತ್ತು. ಅವರ ಕಣ್ಣು ಮಂಜಾಗಿತ್ತು, ಕಿವಿ ಬಹಳ ಚುರುಕು. ಧರ್ಮದ ಲೇಖನವಾದರೆ ನಡುವೆ ಕೈಯೆತ್ತಿ, "ಇವರು ಕೂತು ನೋಡಿದ್ದಾರೋ, ಸುಮ್ನೆ ಹೇಳ್ತಿದ್ದಾರೋ?" ಎನ್ನುತ್ತಿದ್ದರು. ಗೊತ್ತಾಗಲಿಲ್ಲ ಎಂದರೆ ಅದೇ ಪ್ಯಾರಾ ಮತ್ತೆ ಓದಿಸುತ್ತಿದ್ದರು. ಗಂಟಲು ಒಣಗುತ್ತಿತ್ತು. ಆದರೆ ಓದಿ ಓದಿ, ಕೂತವರ ಮಾತು ಯಾವುದು ಎಂದು ನನಗೂ ಕೇಳಿಸತೊಡಗಿತು. ನಿಮ್ಮ ತಮ್ಮನ ಸಾಲು ಅಂಥ ಮಾತು.

ಹಾಗಾಗಿ ಮೊದಲೆರಡು ಪುಟ ತೆಗೆದುಹಾಕಿ. ಆ ಜಗಳ ಎದುರಿಗೆ ಬಂದಾಗ ಏನು ಮಾಡಿದಿರಿ? ಜಪ ನಿಂತಿತೋ, ನಾಲಿಗೆ ಮಾತ್ರ ಓಡುತ್ತಿತ್ತೋ? ಸಂಜೆ ತಪ್ಪುಗಳನ್ನು ನೆನೆದು ಪಶ್ಚಾತ್ತಾಪ ಪಡುವ ಪ್ರತಿಕ್ರಮಣದಲ್ಲಿ ಎಲ್ಲ ಜೀವಿಗಳಲ್ಲೂ ಕ್ಷಮೆ ಕೇಳುವಾಗ ತಮ್ಮನ ಮುಖ ಬಂತೋ, ಅವನನ್ನು ಬಿಟ್ಟು ಕೇಳಿದಿರೋ? ಪರಿಗ್ರಹಕ್ಕೆ ಮಿತಿ ಹಾಕಿಕೊಂಡಿದ್ದರೆ, ಆ ಜಮೀನು ಮಿತಿಯ ಒಳಗಿದೆಯೋ ಹೊರಗೋ? ಜಗಳ ಇನ್ನೂ ಮುಗಿದಿಲ್ಲದಿದ್ದರೆ ಮುಗಿದಿಲ್ಲ ಎಂದೇ ಬರೆಯಿರಿ. ಬರೆದು ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.