ಜಾಕಿ ಹಿಡಿದನೋ, ಪೇಸ್ ಕೈಕೊಟ್ಟಿತೋ?

ಪ್ರಶ್ನೆ: ಹಲವು ವರ್ಷಗಳಿಂದ ಮೈಸೂರು, ಬೆಂಗಳೂರು ಕುದುರೆ ರೇಸ್‌ಗಳಿಗೆ ಹೋಗುತ್ತಿದ್ದೇನೆ. ಮೊನ್ನೆ 1400 ಮೀಟರ್ ರೇಸಿನಲ್ಲಿ ಫೇವರಿಟ್ (ಗೆಲ್ಲುತ್ತೆ ಅಂತ ಹೆಚ್ಚು ಜನ ನಂಬಿದ ಕುದುರೆ) ಮೇಲೆ ದುಡ್ಡು ಕಟ್ಟಿದ್ದೆ. ಜಾಕಿ ಅದನ್ನು ಕೊನೆಯ ತಿರುವಿನವರೆಗೂ ಹಿಂದೆಯೇ ಇಟ್ಟುಕೊಂಡ. ಆಮೇಲೆ ಎಷ್ಟು ಜೋರಾಗಿ ಬಂದರೂ ಮೂರನೆಯದಾಯಿತು. ‘ಬೇಕಂತಲೇ ಹಿಡಿದ’, ಅಂದರೆ ಗೆಲ್ಲದ ಹಾಗೆ ಕುದುರೆಯನ್ನು ತಡೆದ ಅಂತಾರೆ ಗೆಳೆಯರು. ಇದನ್ನು ತಿಳಿಯೋದು ಹೇಗೆ?

ಉತ್ತರ: ಸೋತ ಟಿಕೆಟ್ ಕೈಯಲ್ಲಿದ್ದಾಗ ಎಲ್ಲ ಜಾಕಿಗಳೂ ಕಳ್ಳರ ಹಾಗೇ ಕಾಣುತ್ತಾರೆ. ನನಗೂ ಕಂಡಿದ್ದಾರೆ. ಒಂದು ಕಾಫಿ ಕುಡಿದು, ಮೊದಲು ಗಡಿಯಾರ ನೋಡಿ.

ರೇಸಿನ ಒಟ್ಟು ಸಮಯ ಮತ್ತು ಕೊನೆಯ 600 ಮೀಟರಿನ ಸಮಯ ಸಿಕ್ಕರೆ ಸಾಕು. ಸಿಗದಿದ್ದರೆ ವಿಡಿಯೊ ಹಾಕಿಕೊಂಡು ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ನೀವೇ ಹಿಡಿಯಿರಿ. ಗೆದ್ದ ಕುದುರೆ 1400 ಮೀಟರನ್ನು 85 ಸೆಕೆಂಡಿನಲ್ಲಿ ಓಡಿತು, ಅದರಲ್ಲಿ ಕೊನೆಯ 600 ಮೀಟರಿಗೆ 35 ಸೆಕೆಂಡ್ ಅನ್ನೋಣ. ಅಂದರೆ ಮೊದಲ 800 ಮೀಟರಿಗೆ 50 ಸೆಕೆಂಡ್. ಮೊದಲು ಪ್ರತಿ 200 ಮೀಟರಿಗೆ ಹನ್ನೆರಡೂವರೆ ಸೆಕೆಂಡ್, ಕೊನೆಗೆ ಹನ್ನೆರಡಕ್ಕಿಂತ ಕಡಿಮೆ. ಮುಂದಿದ್ದವರು ಆರಾಮಾಗಿ ಬಂದು, ಉಳಿಸಿಕೊಂಡಿದ್ದ ದಮ್ಮನ್ನೆಲ್ಲ ಕೊನೆಗೆ ಬಿಟ್ಟಿದ್ದಾರೆ. ಕೊನೆಯ 600 ಮೀಟರ್ ಶುರುವಾದಾಗ ನಿಮ್ಮ ಕುದುರೆ ಆರು ಲೆಂತ್ (ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ) ಹಿಂದಿದ್ದರೆ ಸುಮಾರು ಒಂದು ಸೆಕೆಂಡ್ ಸಾಲ. ಸಮಕ್ಕೆ ಬರಬೇಕಾದರೂ 600 ಮೀಟರನ್ನು 34ರಲ್ಲಿ ಓಡಬೇಕು. ಜಾಕಿ ಹಿಡಿದಿರಲಿಲ್ಲ, ಆದರೆ ತಪ್ಪು ಅವನದೇ. ನಿಧಾನದ ಪೇಸ್ (ಮುಂದಿನವರು ಓಡುವ ವೇಗ) ಗೊತ್ತಾಗಿ ಹತ್ತಿರ ಹೋಗಬೇಕಿತ್ತು.

ಅದೇ ರೇಸಿನ ಕೊನೆಯ 600 ಮೀಟರಿಗೆ 38 ಸೆಕೆಂಡ್ ಹಿಡಿದಿದ್ದರೆ ಕತೆಯೇ ಬೇರೆ. ಆಗ ಮುಂದಿನವರು 800 ಮೀಟರನ್ನು 47ರಲ್ಲಿ ಓಡಿ ಸುಸ್ತಾಗಿದ್ದಾರೆ. ಹಿಂದೆ ಕಾದವನು ಜಾಣ. ಅಲ್ಲಿಂದಲೂ ಬರಲಾಗದ ಕುದುರೆಗೆ ಅವತ್ತು ಶಕ್ತಿ ಇರಲಿಲ್ಲ, ಅಷ್ಟೇ.

ಇದಕ್ಕೆ ಅಮೆರಿಕದ 2022ರ ಕೆಂಟಕಿ ಡರ್ಬಿಗಿಂತ ಒಳ್ಳೆ ಪಾಠ ಬೇರೆ ಸಿಗಲ್ಲ. ಇಪ್ಪತ್ತು ಕುದುರೆ. ಮುಂದಿದ್ದವು ಮೊದಲ ಕಾಲು ಮೈಲಿಯನ್ನು 21.78 ಸೆಕೆಂಡಿನಲ್ಲಿ, ಅರ್ಧ ಮೈಲಿಯನ್ನು 45.36ರಲ್ಲಿ ಓಡಿದವು. ಒಂದೂಕಾಲು ಮೈಲಿ ರೇಸಿಗೆ ಅದು ಹುಚ್ಚು ವೇಗ. ಮುಂದೆ ನುಗ್ಗಿದ್ದ ಸಮ್ಮರ್ ಈಸ್ ಟುಮಾರೋ ಕೊನೆಯ ಸ್ಥಾನಕ್ಕೆ ಕುಸಿಯಿತು. ಒಂದಕ್ಕೆ ಎಂಬತ್ತರ ರೇಟಿನ ರಿಚ್ ಸ್ಟ್ರೈಕ್ ಮೊದಲು ಎಲ್ಲೋ ಬಾಲದ ಕಡೆ ಇತ್ತು. ಜಾಕಿ ಸೋನಿ ಲಿಯೋನ್ ಅದನ್ನು ಸಂದುಗೊಂದುಗಳಲ್ಲಿ ನುಗ್ಗಿಸಿ ಒಳಬದಿಯಿಂದ ತಂದು ಗೆಲ್ಲಿಸಿದ. ಅದರ ಮುಂದಿನ ತಿಂಗಳು ಅಮೆರಿಕದ್ದೇ ಇನ್ನೊಂದು ದೊಡ್ಡ ರೇಸ್, ಬೆಲ್ಮಾಂಟ್ ಸ್ಟೇಕ್ಸ್. ಅದೇ ಕುದುರೆ, ಅದೇ ಜಾಕಿ, ಮತ್ತೆ ಹಿಂದೆಯೇ ಇದ್ದ. ದೂರ ಜಾಸ್ತಿ, ನಿಜ. ಆದರೆ ಮುಂದಿನ ಕುದುರೆ ಅರ್ಧ ಮೈಲಿಗೆ 48 ಸೆಕೆಂಡಿಗಿಂತ ಜಾಸ್ತಿ ತೆಗೆದುಕೊಂಡಿತ್ತು. ರಿಚ್ ಸ್ಟ್ರೈಕ್ ಎಂಟರಲ್ಲಿ ಆರನೆಯದು! ಮೊದಲ ರೇಸಿನಲ್ಲಿ ಲಿಯೋನ್ ದೇವರಾಗಿದ್ದ, ಎರಡನೆಯದರಲ್ಲಿ ಅದೇ ಆಟ ನಡೆಯಲಿಲ್ಲ.

ಹಾಗಾಗಿ ದುಡ್ಡು ಕಟ್ಟುವ ಮುಂಚೆ ರೇಸ್ ಬುಕ್ ತೆಗೆದು ಎಣಿಸಿ: ಈ ರೇಸಿನಲ್ಲಿ ಮುಂದೆಯೇ ಓಡಬೇಕು ಅನ್ನುವ ಕುದುರೆಗಳು ಎಷ್ಟು? ಒಂದೇ ಇದ್ದರೆ ಅದನ್ನು ಹಗುರವಾಗಿ ನೋಡಬೇಡಿ. ಯಾರೂ ಕೆಣಕದಿದ್ದರೆ ಸಾಧಾರಣ ಕುದುರೆಯೂ ತಪ್ಪಿಸಿಕೊಂಡು ಹೋಗುತ್ತದೆ. ಮೂರ್ನಾಲ್ಕು ಇದ್ದರೆ ಅವು ಒಂದನ್ನೊಂದು ತಿಂದು ಹಾಕುತ್ತವೆ, ಹಿಂದಿನಿಂದ ಬರುವುದಕ್ಕೆ ದಾರಿ.

ವಿಡಿಯೊ ನೋಡುವಾಗ ತಿರುವನ್ನೂ ಗಮನಿಸಿ. ಅರ್ಧ ವೃತ್ತದಷ್ಟು ತಿರುವಿನಲ್ಲಿ ಒಂದು ಮೀಟರ್ ಹೊರಗೆ ಓಡಿದರೆ ಮೂರು ಮೀಟರ್ ಜಾಸ್ತಿ ಓಡಿದ ಹಾಗೆ, ಒಂದು ಲೆಂತಿಗಿಂತ ಹೆಚ್ಚು. ನಾಲ್ಕು ಮೀಟರ್ ಹೊರಗಿದ್ದು ಎರಡು ಲೆಂತಿನಲ್ಲಿ ಸೋತ ಕುದುರೆಯ ಹೆಸರು ಬರೆದಿಟ್ಟುಕೊಳ್ಳಿ. ಜಾಕಿ ಲಗಾಮು ಬಿಗಿಹಿಡಿದು ಹಿಂದಕ್ಕೆ ವಾಲಿದ್ದಾನೆ, ಕುದುರೆ ಬಾಯಿ ತೆರೆದು ತಲೆ ಎತ್ತುತ್ತಿದೆ ಅಂದರೆ ಮೋಸ ಅಂತಲೇ ಅಲ್ಲ. ನಿಧಾನದ ಪೇಸ್‌ಗೆ ಕುದುರೆ ಜಗಳ ಆಡುತ್ತಿರಬಹುದು. ಅಲ್ಲೇ ಅರ್ಧ ದಮ್ಮು ಖರ್ಚು. ಆದರೆ ಮುಂದೆ ದಾರಿ ಖಾಲಿ ಇದ್ದೂ ಸ್ಟ್ರೈಟ್‌ನಲ್ಲಿ (ಕೊನೆಯ ನೇರ ಓಟದಲ್ಲಿ) ಕೈ ಆಡಿಸದೆ ಕೂತಿದ್ದರೆ ನಿಮ್ಮ ಗೆಳೆಯರ ಅನುಮಾನಕ್ಕೆ ಅರ್ಥವಿದೆ. ಅದನ್ನು ಸ್ಟುವರ್ಡ್‌ಗಳು (ರೇಸಿನ ಮೇಲ್ವಿಚಾರಕರು) ವಿಚಾರಿಸುತ್ತಾರೆ.

ಪ್ರಶ್ನೆ: ಸುಮ್ನೆ ದೊಡ್ಡ ಜಾಕಿಯ ಹೆಸರು ನೋಡಿ ಕಟ್ಟಿದರೆ ಆಗಲ್ವಾ?

ಉತ್ತರ: ಆಗುತ್ತೆ, ಆದರೆ ಆ ಹೆಸರು ಎಲ್ಲರಿಗೂ ಗೊತ್ತು. ರೇಟ್ ಆಗಲೇ ಇಳಿದಿರುತ್ತದೆ. ನಾನು ಹುಡುಕುವುದು ತೂಕದ ರಿಯಾಯಿತಿ (ಕುದುರೆ ಹೊರುವ ತೂಕದಲ್ಲಿ ಕಡಿತ) ಇರುವ ಅಪ್ರೆಂಟಿಸ್ ಹುಡುಗನನ್ನು, ಅಂದರೆ ಇನ್ನೂ ಕಲಿಯುತ್ತಿರುವ ಜಾಕಿಯನ್ನು, ಅದೂ ರೇಸಿನ ಒಂದೇ ಒಂದು ಫ್ರಂಟ್ ರನ್ನರ್ (ಮುಂದೆಯೇ ಓಡುವ ಕುದುರೆ) ಮೇಲೆ ಕೂತಿದ್ದಾಗ. ಗೇಟಿನಿಂದ ಚೆನ್ನಾಗಿ ಹೊರಟು ರೈಲ್ (ಟ್ರ್ಯಾಕಿನ ಒಳಬದಿಯ ಬೇಲಿ) ಪಕ್ಕ ಹಿಡಿದರೆ ಅವನ ಕೆಲಸ ಮುಕ್ಕಾಲು ಮುಗಿಯಿತು. ಅದೇ ಹುಡುಗ ಹದಿನಾಲ್ಕು ಕುದುರೆಗಳ ನಡುವೆ ಹಿಂದಿನಿಂದ ಸಂದು ಹುಡುಕಿ ಬರಬೇಕು ಅಂದರೆ, ನಾನಂತೂ ಜೇಬಿಗೆ ಕೈ ಹಾಕಲ್ಲ.