ನೀಲಿ-ಬಿಳಿ ಬಾವುಟ ತಪ್ಪಲ್ಲ

ಸರ್, ಯಾದಗಿರಿಯಿಂದ ನೇತ್ರಾಣಿ ದ್ವೀಪಕ್ಕೆ ಹೋದಾಗ ಡೈವಿಂಗ್ ಬೋಟಿನಲ್ಲಿ, ವಿಡಿಯೋದಲ್ಲಿ ಕಂಡ ಕೆಂಪು ಬಾವುಟದ ಬದಲು ನೀಲಿ-ಬಿಳಿ ಇತ್ತು, ತಪ್ಪಲ್ವಾ ಅಂತ ಕೇಳಿದ್ದೀರಿ. ತಪ್ಪಲ್ಲ. ಅದು ಅಲ್ಫಾ ಬಾವುಟ. ಕೋಲಿನ ಕಡೆ ಬಿಳಿ, ಆಚೆ ನೀಲಿ, ತುದಿಯಲ್ಲಿ ಹಕ್ಕಿ ಬಾಲದ ಹಾಗೆ ಸೀಳು. 'ಕೆಳಗೆ ಮುಳುಗಿದವರಿದ್ದಾರೆ, ನಿಧಾನವಾಗಿ ದೂರದಿಂದ ಹೋಗಿ' ಅಂತ ಅರ್ಥ. ಅಂತಾರಾಷ್ಟ್ರೀಯ ನಿಯಮದಲ್ಲಿ ಸಣ್ಣ ಬೋಟಿಗೆ ಬಟ್ಟೆಯಲ್ಲ, ಇದೇ ಬಾವುಟದ ಕನಿಷ್ಠ 1 ಮೀಟರ್ ಎತ್ತರದ ಗಟ್ಟಿ ಹಲಗೆಯಂಥ ಪ್ರತಿರೂಪವನ್ನೇ ಹೇಳಿದ್ದಾರೆ. ಸರಿಯೇ ಅದು. ಗಾಳಿ ನಿಂತರೆ ಬಟ್ಟೆ ಜೋತು ಬೀಳುತ್ತದೆ, ಯಾರಿಗೆ ಕಾಣಬೇಕು? ವಿಡಿಯೋದಲ್ಲಿ ನೀವು ನೋಡಿದ ಬಾವುಟ, ಕೆಂಪಿನ ಮೇಲೆ ಓರೆ ಬಿಳಿ ಪಟ್ಟಿ, ಅಮೆರಿಕ ಕಡೆ ಜಾಸ್ತಿ.

ನಮ್ಮ ಭೀಮಾ ನದಿಯಲ್ಲಿ ಪಂಪ್‌ಸೆಟ್ಟಿನ ಫುಟ್‌ವಾಲ್ವ್ (ನೀರೆಳೆಯುವ ಪೈಪಿನ ತುದಿಯ ಕವಾಟ) ತೆಗೆಯಲು ಮುಳುಗಿದರೆ ದಡದಲ್ಲಿ ಒಬ್ಬ ಕೆಂಪು ಟವೆಲ್ ಬೀಸುತ್ತಾ ಕೂಗುತ್ತಿರುತ್ತಾನೆ, ಅಷ್ಟೇ.